ಆಳ ಹಿಮದಲ್ಲಿ ಸ್ನೋಮೊಬೈಲ್: ಪರ್ವತ ಫ್ರೀಸ್ಟೈಲ್ ಸವಾರಿಯ ಚರಿತ್ರೆ

ಗುರುತು ಹಾಕಿದ ದಾರಿಗಳನ್ನು ಬಿಟ್ಟು, ಪರ್ವತದ ಇಳಿಜಾರುಗಳ ಹುಡಿಹಿಮದಲ್ಲಿ ಸ್ನೋಮೊಬೈಲ್ ಓಡಿಸುವ ಕಲೆಯೇ ಪರ್ವತ ಫ್ರೀಸ್ಟೈಲ್ ಸವಾರಿ. ಯಂತ್ರವನ್ನು ಮಗ್ಗುಲಿಗೆ ವಾಲಿಸಿ ಇಳಿಜಾರಿಗೆ ಅಡ್ಡಲಾಗಿ ಸಾಗುವುದು, ಮರಗಳ ನಡುವೆ ನುಸುಳುವುದು, ಹಿಮದ ಅಂಚುಗಳಿಂದ ಹಾರುವುದು ಇದರ ಮುಖ್ಯ ಅಂಗಗಳು. ಅಮೆರಿಕದ ರಾಕಿ ಪರ್ವತ ಪ್ರದೇಶ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾ ಇದರ ಪ್ರಮುಖ ನೆಲೆಗಳು. ಟ್ರ್ಯಾಕಿನ (ಯಂತ್ರವನ್ನು ಮುಂದೊಯ್ಯುವ ಪಟ್ಟಿಯ) ಉದ್ದ, ಯಂತ್ರದ ತೂಕ ಮತ್ತು ಸವಾರ ನಿಲ್ಲುವ ಜಾಗ ಬದಲಾದಂತೆಲ್ಲ ಈ ಸವಾರಿಯ ಪಟ್ಟುಗಳೂ ಬದಲಾಗಿವೆ.

ಸ್ನೋಮೊಬೈಲ್ ಹುಟ್ಟಿದ್ದು ಪರ್ವತಗಳಲ್ಲಲ್ಲ. ವಿಸ್ಕಾನ್ಸಿನ್‌ನ ಕಾರ್ಲ್ ಎಲಿಯಾಸನ್ ತಮ್ಮ ಮೋಟಾರು ಜಾರುಬಂಡಿಗೆ 1927ರಲ್ಲಿ ಪೇಟೆಂಟ್ ಪಡೆದರು. ಕ್ವಿಬೆಕ್‌ನ ಜೋಸೆಫ್-ಆರ್ಮಾಂಡ್ ಬೊಂಬಾರ್ಡಿಯೆ 1930ರ ದಶಕದಲ್ಲಿ ಹಲವರು ಕುಳಿತು ಸಾಗಬಹುದಾದ ಹಿಮವಾಹನಗಳನ್ನು ತಯಾರಿಸಿ, 1959ರಲ್ಲಿ ಹಗುರವಾದ ಸ್ಕೀ-ಡೂವನ್ನು ಮಾರುಕಟ್ಟೆಗೆ ತಂದರು. ಮಿನಿಸೋಟದ ರೋಸೋದಲ್ಲಿ ಪೋಲಾರಿಸ್ ಕಂಪನಿ ಬೆಳೆಯಿತು. ಅದರ ಸ್ಥಾಪಕರಲ್ಲೊಬ್ಬರಾದ ಎಡ್ಗರ್ ಹೆಟೀನ್ ಹೊರಬಂದು ಆರ್ಕ್ಟಿಕ್ ಕ್ಯಾಟ್ ಕಟ್ಟಿದರು. ಇವೆಲ್ಲ ಹೆಪ್ಪುಗಟ್ಟಿದ ಕೆರೆಗಳ, ಸಮತಟ್ಟು ಹೊಲಗಳ ಸೀಮೆಯ ಯಂತ್ರಗಳು. ಪರ್ವತದ ಸಡಿಲ ಹಿಮದಲ್ಲಿ ಅವುಗಳ ಗಿಡ್ಡ ಟ್ರ್ಯಾಕ್ ತನ್ನಡಿಯ ಹಿಮವನ್ನೇ ತೋಡಿ ಹೂತುಹೋಗುತ್ತಿತ್ತು. ಜೊತೆಗೆ 3,000 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಎಂಜಿನ್ನಿನ ಶಕ್ತಿ ಸುಮಾರು ಕಾಲುಭಾಗ ಕುಗ್ಗುತ್ತಿತ್ತು.

1990ರ ದಶಕದಲ್ಲಿ ಸ್ಕೀ-ಡೂ ಸಮ್ಮಿಟ್, ಪೋಲಾರಿಸ್ ಆರ್‌ಎಂಕೆಯಂಥ ಪರ್ವತ ಮಾದರಿಗಳು ಬಂದವು. ದಾರಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ 121 ಇಂಚು ಇದ್ದ ಟ್ರ್ಯಾಕ್, ಪರ್ವತದ ಯಂತ್ರಗಳಲ್ಲಿ ಕ್ರಮೇಣ 155, 163, 174 ಇಂಚಿಗೆ ಬೆಳೆಯಿತು. ಹಿಮವನ್ನು ಹಿಂದಕ್ಕೆ ತಳ್ಳುವ ರಬ್ಬರ್ ಹಲ್ಲುಗಳು 3 ಇಂಚಿನವರೆಗೆ ಎತ್ತರವಾದವು. ತೂಕ ಹೆಚ್ಚು ಜಾಗದ ಮೇಲೆ ಹರಡಿದ್ದರಿಂದ ಯಂತ್ರ ಹಿಮದ ಮೇಲೆ ತೇಲತೊಡಗಿತು. 2003ರ ಮಾದರಿಯಾಗಿ ಬಂದ ಸ್ಕೀ-ಡೂ ರೆವ್ ವಿನ್ಯಾಸ ಸವಾರನನ್ನು ಮುಂದಕ್ಕೆ ತಂದಿತು; ನಿಂತೇ ಓಡಿಸುವುದು ಸಹಜವಾಯಿತು. 2020ರ ಮಾದರಿಗಳಲ್ಲಿ ಅದೇ ಕಂಪನಿ ಟೂ-ಸ್ಟ್ರೋಕ್ ಎಂಜಿನ್ನಿಗೆ ಕಾರ್ಖಾನೆಯಲ್ಲೇ ಟರ್ಬೊ ಜೋಡಿಸಿ, ತೆಳುಗಾಳಿಯ ತೊಡಕಿಗೂ ಪರಿಹಾರ ಕೊಟ್ಟಿತು.

ಪಟ್ಟುಗಳ ಮೂಲ ಸೂತ್ರ ಒಂದೇ: ಆಳ ಹಿಮದಲ್ಲಿ ಯಂತ್ರ ತಿರುಗುವುದು ಮುಖ್ಯವಾಗಿ ಟ್ರ್ಯಾಕಿನ ಅಂಚಿನ ಮೇಲೆ. ಎಡಕ್ಕೆ ತಿರುಗಬೇಕಾದವನು ಹ್ಯಾಂಡಲನ್ನು ಕ್ಷಣಕಾಲ ಬಲಕ್ಕೆ ತಿರುಗಿಸಿ, ಮೈಭಾರವನ್ನು ಎಡಕ್ಕೆ ಹಾಕುತ್ತಾನೆ. ಯಂತ್ರ ಎಡಮಗ್ಗುಲಿಗೆ ವಾಲುತ್ತದೆ. ಅದು ಪೂರ್ತಿ ಉರುಳದಂತೆ ಎಂಜಿನ್ನಿನ ವೇಗ ಕಾಯುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಾಗುವಾಗ, ಬೆಟ್ಟದ ಕಡೆಯ ಮೆಟ್ಟಿಲಿನ ಮೇಲೆ ಆಚೆ ಬದಿಯ ಕಾಲನ್ನು ಮುಂದಿಟ್ಟು, ಇನ್ನೊಂದು ಕಾಲನ್ನು ಹಿಮದತ್ತ ಇಳಿಬಿಡುವ ಭಂಗಿಯೂ ಬಳಕೆಗೆ ಬಂತು. ಐಡಹೊದ ಬ್ರೆಟ್ ರಾಸ್ಮುಸೆನ್ ಇಂಥ ಕೌಶಲಗಳನ್ನು ಶಿಬಿರಗಳಲ್ಲಿ ಕಲಿಸಿದರು. 'ಸ್ಲೆಡ್‌ನೆಕ್ಸ್' ಸರಣಿಯಂಥ ಚಿತ್ರಗಳು ಅವನ್ನು ದೂರದ ಸವಾರರಿಗೂ ತೋರಿಸಿದವು.

ಸ್ಪರ್ಧಾರೂಪದ ಫ್ರೀಸ್ಟೈಲ್ ಕಟ್ಟಿದ ದಿಬ್ಬಗಳ ಮೇಲೆ ಬೆಳೆಯಿತು. ಚಳಿಗಾಲದ ಎಕ್ಸ್ ಗೇಮ್ಸ್ 2007ರಲ್ಲಿ ಅದನ್ನು ಸೇರಿಸಿಕೊಂಡಾಗ, ಪರ್ವತ ಸವಾರಿಯಲ್ಲೂ ಹೆಸರಾಗಿದ್ದ ಕ್ರಿಸ್ ಬುರಾಂಟ್ ಚಿನ್ನ ಗೆದ್ದರು. 2012ರಲ್ಲಿ ಹೀತ್ ಫ್ರಿಸ್ಬಿ ಅದೇ ಕೂಟದಲ್ಲಿ ಮುಂದಕ್ಕೆ ಪಲ್ಟಿ ಹೊಡೆದು ಯಶಸ್ವಿಯಾಗಿ ಇಳಿದರು. 2013ರ ಜನವರಿಯಲ್ಲಿ ಆ್ಯಸ್ಪೆನ್‌ನಲ್ಲಿ ನಡೆದ ಅದೇ ಕೂಟದಲ್ಲಿ ಬಿದ್ದ ಸವಾರ ಕೇಲಬ್ ಮೂರ್ ಒಂದು ವಾರದ ಬಳಿಕ ತೀರಿಕೊಂಡರು.

ಪರ್ವತದಲ್ಲಿ ದೊಡ್ಡ ಅಪಾಯ ಹಿಮಕುಸಿತ. 2008ರ ಡಿಸೆಂಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಫರ್ನಿ ಬಳಿ 8 ಸವಾರರು ಸತ್ತರು; 2010ರ ಮಾರ್ಚಿನಲ್ಲಿ ರೆವೆಲ್‌ಸ್ಟೋಕ್ ಬಳಿಯ ಬೌಲ್ಡರ್ ಪರ್ವತದಲ್ಲಿ ಸವಾರಿ ಕೂಟಕ್ಕೆ ಜನ ಸೇರಿದ್ದಾಗಲೇ ಹಿಮ ಕುಸಿದು ಇಬ್ಬರು ಬಲಿಯಾದರು. ಹಿಮದಡಿ ಹೂತವರನ್ನು ಪತ್ತೆಹಚ್ಚಲು ಬೇಕಾದ ಸಂಕೇತ ಯಂತ್ರ, ಶೋಧಕ ಕೋಲು ಮತ್ತು ಸಲಿಕೆ ಪ್ರತಿಯೊಬ್ಬ ಸವಾರನ ಬಳಿಯೂ ಇರಲೇಬೇಕೆಂಬುದು ತರಬೇತಿಯ ಮೊದಲ ಪಾಠ.

ಯಂತ್ರಗಳ ಶಕ್ತಿ ಹೆಚ್ಚಿದಂತೆ ಕಾನೂನಿನ ಗಡಿಗಳೂ ಸ್ಪಷ್ಟವಾದವು. ಅಮೆರಿಕದ 1964ರ ವನ್ಯಪ್ರದೇಶ ಕಾಯ್ದೆಯಡಿ ರಕ್ಷಿತ ಪ್ರದೇಶಗಳಲ್ಲಿ ಮೋಟಾರು ವಾಹನಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಬ್ರಿಟಿಷ್ ಕೊಲಂಬಿಯಾ ಪರ್ವತ ಕ್ಯಾರಿಬೂಗಳ ರಕ್ಷಣೆಗಾಗಿ 2009ರಲ್ಲಿ ವಿಶಾಲ ಪ್ರದೇಶಗಳನ್ನು ಸ್ನೋಮೊಬೈಲುಗಳಿಗೆ ಮುಚ್ಚಿತು. ಅಮೆರಿಕದ ಅರಣ್ಯ ಸೇವೆ 2015ರಲ್ಲಿ ತಂದ ನಿಯಮದ ಪ್ರಕಾರ, ಸಾಕಷ್ಟು ಹಿಮ ಬೀಳುವ ರಾಷ್ಟ್ರೀಯ ಅರಣ್ಯಗಳಲ್ಲಿ ಸವಾರಿಗೆ ತೆರೆದಿರುವ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಬೇಕು.