ಧಾರಣೆ ಮುಚ್ಚಿಟ್ಟ ರೋಗ: ಸಿಲೋನಿನ ಕಾಫಿ ತೋಟಗಳ ಕಥೆ

ಈ ಸಲದ ಟಿಪ್ಪಣಿ ಉದ್ದ ಇದೆ. ಮಳೆ ಹಿಡಿದು ತೋಟಕ್ಕೆ ಇಳಿಯೋಕೆ ಆಗದ ದಿನ ಓದಿಕೊಳ್ಳಿ.

ನಮ್ಮ ಕೊಪ್ಪ, ಶೃಂಗೇರಿ ಕಡೆ ಈಗ ಯಾವ ಮದುವೆ ಮನೆಗೆ ಹೋದರೂ ಎಲೆ ಹಾಕೋಕೆ ಮುಂಚೆ ಒಂದೇ ಮಾತು. ಹಳದಿ ಎಲೆ ರೋಗ ಬಂದ ತೋಟದಲ್ಲಿ ಮತ್ತೆ ಅಡಿಕೆ ಸಸಿಯನ್ನೇ ನೆಡೋದಾ, ಸಾಕು ಅಂತ ಬಿಡೋದಾ? ಎರಡನೇ ಸಲ ನೆಟ್ಟವರಿದ್ದಾರೆ, ಮೂರನೇ ಸಲ ನೆಟ್ಟವರೂ ಇದ್ದಾರೆ. ಇದಕ್ಕೆ ನನ್ನ ಹತ್ರ ಸಿದ್ಧ ಉತ್ತರ ಇಲ್ಲ. ಆದರೆ ಇದೇ ಪ್ರಶ್ನೆ ನೂರೈವತ್ತು ವರ್ಷದ ಹಿಂದೆ ಸಿಲೋನಿನಲ್ಲಿ, ಅಂದ್ರೆ ಈಗಿನ ಶ್ರೀಲಂಕಾದಲ್ಲಿ, ಒಂದಿಡೀ ನಾಡಿನ ಬೆಳೆಗಾರರ ಎದುರು ಬಂದು ನಿಂತಿತ್ತು. ಅವರು ಏನು ಮಾಡಿದರು, ಯಾವಾಗ ಮಾಡಿದರು ಅನ್ನೋದು ನಮಗೆ ಗೊತ್ತಿರಬೇಕು.

ಸಿಲೋನ್ ಅಂದ ಕೂಡಲೇ ನಮಗೆ ಟೀ ನೆನಪಾಗುತ್ತೆ. ಆದರೆ ಟೀಗಿಂತ ಮುಂಚೆ ಅದು ಕಾಫಿ ನಾಡು. ಬ್ರಿಟಿಷರು 1815ರಲ್ಲಿ ಕ್ಯಾಂಡಿ ರಾಜ್ಯ ಹಿಡಿದರು. 1830ರ ನಂತರ ಗುಡ್ಡದ ಕಾಡನ್ನು ಎಕರೆಗೆ 5 ಶಿಲ್ಲಿಂಗಿನ ಲೆಕ್ಕದಲ್ಲಿ ಬೆಳೆಗಾರರಿಗೆ ಮಾರಿದರು. ಕಡಿದರು, ಸುಟ್ಟರು, ಕಾಫಿ ಇಟ್ಟರು. ನಮ್ಮ ಹಾಗೆ ಮೇಲೆ ಮರ ಉಳಿಸಿ ಕೆಳಗೆ ಗಿಡ ಬೆಳೆಸುವ ಪದ್ಧತಿ ಅಲ್ಲಿ ಬಹುಪಾಲು ಇರಲಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಬೋಳು ಬಿಸಿಲಲ್ಲಿ ಅರೇಬಿಕಾ, ನಡುವೆ ಗಾಳಿ ತಡೆಯುವ ಒಂದು ಸಾಲು ಮರವೂ ಅಪರೂಪ. ಮದ್ರಾಸ್ ಕಡೆಯ ತಮಿಳು ಕೂಲಿಯವರು ಕೊಯ್ಲಿನ ಹೊತ್ತಿಗೆ ಕಡಲು ದಾಟಿ, ನಡೆದು ಬಂದು, ಮುಗಿಸಿಕೊಂಡು ಊರಿಗೆ ಹೋಗ್ತಿದ್ರು.

1869ರಲ್ಲಿ ಮಡುಲ್‌ಸೀಮ ಅನ್ನೋ ಕಡೆಯ ತೋಟದಲ್ಲಿ ಎಲೆ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಅದೇ, ನಮ್ಮ ಕಾಫಿಯವರಿಗೆಲ್ಲ ಗೊತ್ತಿರುವ ಎಲೆ ತುಕ್ಕು ರೋಗ. ಪೆರಾದೆನಿಯ ಸಸ್ಯೋದ್ಯಾನದ ಮುಖ್ಯಸ್ಥ ಥ್ವೈಟ್ಸ್ ಎಲೆಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿನ ಶಿಲೀಂಧ್ರ ತಜ್ಞ ಬರ್ಕ್ಲಿ ಆ ವರ್ಷವೇ ಅದಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಅಂತ ಹೆಸರಿಟ್ಟರು. ವಾಸ್ಟಾಟ್ರಿಕ್ಸ್ ಅಂದ್ರೆ ಹಾಳುಗೆಡಹುವವಳು. ಥ್ವೈಟ್ಸ್ ಮೊದಲಿಂದಲೇ ಎಚ್ಚರಿಕೆ ಕೊಡ್ತಾ ಇದ್ದರು. ಕಿವಿಗೆ ಹಾಕಿಕೊಂಡವರು ಕಡಿಮೆ.

ಯಾಕೆ ಅಂತ ಕೇಳಿ. 1870ರಲ್ಲಿ, ರೋಗ ಕಂಡ ಮರುವರ್ಷ, ಸಿಲೋನ್ ಕಳಿಸಿದ ಕಾಫಿ 10 ಕೋಟಿ ಪೌಂಡಿಗೂ ಮೇಲೆ, ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ಕ್ವಿಂಟಾಲು. ಅದು ಅವರ ಶಿಖರ. ಅಲ್ಲಿಂದ ಮುಂದೆ ಎಕರೆ ಫಸಲು ಇಳಿಯುತ್ತಾ ಹೋಯಿತು. ಮೊದಲು ಎಕರೆಗೆ ಸರಾಸರಿ ನಾಲ್ಕೂವರೆ ಹಂಡ್ರೆಡ್‌ವೇಟ್ ಬರ್ತಿತ್ತು, ಅಂದ್ರೆ 230 ಕೆಜಿ ಆಸುಪಾಸು. 70ರ ದಶಕ ಮುಗಿಯುವಷ್ಟರಲ್ಲಿ ಅದು ಎರಡಕ್ಕೆ ಬಂತು, ಸುಮಾರು 100 ಕೆಜಿ. ಅರ್ಧಕ್ಕಿಂತ ಕಡಿಮೆ. ಆದರೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಕಾಫಿ ಧಾರಣೆ ಅರ್ಧಕ್ಕೂ ಮೇಲೆ ಏರಿತು. ಮೂಟೆ ಕಮ್ಮಿಯಾದರೂ ಕೈಗೆ ಬರೋ ದುಡ್ಡು ಕಮ್ಮಿಯಾಗಲಿಲ್ಲ. ವರ್ಷದ ಕೊನೆಗೆ ಲೆಕ್ಕದ ಪುಸ್ತಕ ತೆರೆದರೆ ಎಲ್ಲವೂ ಚೆನ್ನಾಗೇ ಕಾಣ್ತಿತ್ತು.

ಇನ್ನೊಂದು ವಿಷಯ ಇದಕ್ಕಿಂತ ಕೆಟ್ಟದ್ದು. ಧಾರಣೆ ಏರಿದ್ದಕ್ಕೆ ಹೊಸ ತೋಟ ಮಾಡಿದರು! ಡಿಂಬುಲ, ಡಿಕೋಯ, ಶ್ರೀಪಾದ ಬೆಟ್ಟದ ಬುಡದ ಕಾಡು, ಎಲ್ಲ ಕಡಿದು ಮತ್ತೆ ಅದೇ ಕಾಫಿ ಇಟ್ಟರು. ಹೊಸ ನೆಲದಲ್ಲಿ ಗಿಡ ಒಂದೆರಡು ಬೆಳೆ ಚೆನ್ನಾಗಿ ಕೊಡ್ತಿತ್ತು, ಆಮೇಲೆ ತುಕ್ಕು ಅಲ್ಲಿಗೂ ಬರ್ತಿತ್ತು. 1878ರ ಹೊತ್ತಿಗೆ ವಿಸ್ತೀರ್ಣ 2.75 ಲಕ್ಷ ಎಕರೆ ಮುಟ್ಟಿತ್ತು. ರೋಗ ಬಂದು ಒಂಬತ್ತು ವರ್ಷದ ಮೇಲೆ, ರೋಗ ಬಂದಾಗ ಇದ್ದದ್ದಕ್ಕಿಂತ ಜಾಸ್ತಿ ಕಾಫಿ, ಅದೂ ಬಹುಪಾಲು ಸಾಲದ ದುಡ್ಡಿನಲ್ಲಿ.

ಇದನ್ನು ಓದುವಾಗ ನಿಮಗೆ ಏನು ನೆನಪಾಯ್ತು ಅಂತ ನನಗೆ ಗೊತ್ತು. ಅಡಿಕೆಗೆ ಈಗಿರುವ ಧಾರಣೆಯಲ್ಲಿ ಅರ್ಧ ಹಳದಿ ಬಿದ್ದ ತೋಟವೂ ಸಂಸಾರ ನಡೆಸುತ್ತೆ. ಗೊನೆ ಹಗುರ, ಅಡಿಕೆ ಒಳಗೆ ಬೆಂಡು, ಮರದ ತಲೆ ಸಣ್ಣಗಾಗ್ತಾ ಬಂತು. ಆದರೂ ಮಂಡಿಯಿಂದ ಬರೋ ಚೀಟಿಯಲ್ಲಿ ಮೊತ್ತ ಹೋದ ವರ್ಷದಷ್ಟೇ. ಹತ್ತು ವರ್ಷದ ಹಿಂದೆ ಎಕರೆಗೆ ಎಷ್ಟು ಕ್ವಿಂಟಾಲ್ ಆಗಿತ್ತು ಅಂತ ಕೇಳಿದರೆ ನಮ್ಮಲ್ಲಿ ಎಷ್ಟು ಜನಕ್ಕೆ ಥಟ್ಟನೆ ಹೇಳೋಕೆ ಬರುತ್ತೆ? ರೂಪಾಯಿ ಆದ್ರೆ ಎಲ್ಲರೂ ಹೇಳ್ತಾರೆ. ಮತ್ತೆ ತೋಟ ಸೋತರೆ ಇರಲಿ ಅಂತ ಪಕ್ಕದ ಗದ್ದೆಗೆ, ಸೊಪ್ಪಿನಬೆಟ್ಟದ ಬದಿಗೆ ಅಡಿಕೆ ಏರಿಸೋದೂ ನಡೀತಾ ಇದೆ.

ಸಿಲೋನಿನವರು ಸುಮ್ಮನೆ ಕೂತಿರಲಿಲ್ಲ, ಅದನ್ನೂ ಹೇಳಬೇಕು. ಗೊಬ್ಬರ ಹೆಚ್ಚಿಸಿದರು. ಗಂಧಕ, ಸುಣ್ಣ ಎರಚಿದರು. ಆಫ್ರಿಕಾದಿಂದ ಲೈಬೀರಿಕಾ ಕಾಫಿ ತರಿಸಿದರು, ಎಲೆ ದಪ್ಪ, ತುಕ್ಕು ಹತ್ತಲ್ಲ ಅಂತ. ಕೊನೆಗೆ ಅದಕ್ಕೂ ಹತ್ತಿತು. 1880ರಲ್ಲಿ ಸರ್ಕಾರ ಮಾರ್ಷಲ್ ವಾರ್ಡ್ ಅನ್ನೋ ಇಪ್ಪತ್ತೈದರ ಆಸುಪಾಸಿನ ಹುಡುಗನನ್ನು ಇಂಗ್ಲೆಂಡಿನಿಂದ ಕರೆಸಿತು. ಅವನು ಎರಡು ವರ್ಷ ತೋಟ ತೋಟ ಸುತ್ತಿದ. ತೋಟದಲ್ಲಿ ಗಾಜಿನ ಪಟ್ಟಿ ಇಟ್ಟು ಗಾಳಿಯಲ್ಲಿ ಬಂದು ಅಂಟಿದ ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ. ಆ ಪುಡಿ ಎಲೆ ಮೇಲಿನ ನೀರಹನಿಯಲ್ಲಿ ಮೊಳೆತು, ಎಲೆಯ ಉಸಿರುರಂಧ್ರದಿಂದ ಒಳಗೆ ಹೋಗುತ್ತೆ ಅಂತ ತೋರಿಸಿದ. ಗಾಳಿಗೆ ತಡೆಯಿಲ್ಲದೆ ಒಂದೇ ಗಿಡವನ್ನು ಗುಡ್ಡದುದ್ದ ನೆಟ್ಟಿದ್ದೇ ರೋಗಕ್ಕೆ ಹಾದಿ ಅಂತಾನೂ ಬರೆದ. ಬೆಳೆಗಾರರು ಕೇಳಿದ್ದು ಔಷಧಿ, ಅವನ ಹತ್ರ ಇದ್ದದ್ದು ಕಾರಣ. ಅಸಮಾಧಾನದಲ್ಲೇ ಕಳಿಸಿಕೊಟ್ಟರು. ನಾವು ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಫ್ರಾನ್ಸಿನಲ್ಲಿ ಬೆಳಕಿಗೆ ಬಂದದ್ದು 1885ರಲ್ಲಿ. ಅದು ತುಕ್ಕಿಗೂ ಆಗುತ್ತೆ. ಆದರೆ ಅಷ್ಟರಲ್ಲಿ ಸಿಲೋನ್ ಕಾಫಿಯ ಕಥೆ ಮುಗಿದಿತ್ತು.

ಮುಗಿಸಿದ್ದು ರೋಗ ಒಂದೇ ಅಲ್ಲ. 70ರ ದಶಕದ ಕೊನೆಗೆ ಬ್ರೆಜಿಲ್ ಕಾಫಿ ಮಾರುಕಟ್ಟೆಗೆ ಸುರಿಯಿತು, ಧಾರಣೆ ಬಿತ್ತು. ಅಲ್ಲಿವರೆಗೆ ಧಾರಣೆ ಮುಚ್ಚಿಟ್ಟಿದ್ದೆಲ್ಲ ಒಮ್ಮೆಲೇ ಬಯಲಾಯಿತು. ಸಾಲ ಕೊಟ್ಟ ದೊಡ್ಡ ಬ್ಯಾಂಕು, ಓರಿಯಂಟಲ್ ಬ್ಯಾಂಕ್ ಕಾರ್ಪೊರೇಷನ್, 1884ರಲ್ಲಿ ಬಾಗಿಲು ಹಾಕಿತು. 1889ರ ಹೊತ್ತಿಗೆ ಕಾಫಿ ರಫ್ತು ಅರ್ಧ ಕೋಟಿ ಪೌಂಡಿನ ಆಸುಪಾಸಿಗೆ ಇಳಿದಿತ್ತು, ಶಿಖರದ ಇಪ್ಪತ್ತರಲ್ಲಿ ಒಂದು ಪಾಲು. ಇಷ್ಟರಲ್ಲಿ ಕೂಲಿಯವರ ಪಾಡು ಏನಾಯ್ತು ಅನ್ನೋದನ್ನು ಹೆಚ್ಚಿನ ಪುಸ್ತಕಗಳು ಒಂದು ಸಾಲಲ್ಲಿ ಮುಗಿಸುತ್ತವೆ: ಸಂಬಳ ಬಾಕಿ ಉಳಿಯಿತು. ತೋಟ ಬಿಡುವ ತೀರ್ಮಾನ ತಡವಾದಷ್ಟೂ ಬಾಕಿ ಬೆಳೆಯುತ್ತಾ ಹೋಯಿತು ಅಂತ ನಾನು ಓದಿಕೊಳ್ತೀನಿ. ಧಣಿ ಹಡಗು ಹತ್ತಿ ಊರಿಗೆ ಹೋದ, ಕೂಲಿ ಬಾಕಿ ಯಾರನ್ನು ಕೇಳೋದು?

ಬಿಟ್ಟವರೆಲ್ಲ ಗೆದ್ದರಾ ಅಂದ್ರೆ ಅದೂ ಇಲ್ಲ. ಕಾಫಿ ಬಿಟ್ಟ ಬಹಳ ಜನ ಹಾರಿದ್ದು ಸಿಂಕೋನಾಕ್ಕೆ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಈ ಮರದ ತೊಗಟೆಯಿಂದ ಬರೋದು, ಆಗ ಬಂಗಾರದ ಬೆಲೆ. ಎಲ್ಲರೂ ಒಟ್ಟಿಗೆ ನೆಟ್ಟರು, ಒಟ್ಟಿಗೆ ಸುಲಿದರು. 80ರ ದಶಕದ ನಡುವೆ ವರ್ಷಕ್ಕೆ ಒಂದೂವರೆ ಕೋಟಿ ಪೌಂಡ್ ತೊಗಟೆ ಹೊರಹೋಯಿತು. ಜಾವಾದಲ್ಲಿ ಡಚ್ಚರು ಇದಕ್ಕಿಂತ ಸತ್ವದ ತಳಿ ಬೆಳೆದಿದ್ದರು. ಬೆಲೆ ನೆಲಕ್ಕೆ ಬಿತ್ತು. ಆ ಮರಗಳನ್ನೂ ಕಿತ್ತರು. ವೆನಿಲ್ಲಾ ಕಾಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಟೀ ಬಂದದ್ದು ಇವೆಲ್ಲದರ ಬದಿಯಿಂದ. ಜೇಮ್ಸ್ ಟೇಲರ್ ಅನ್ನೋ ಸ್ಕಾಟ್‌ಲೆಂಡಿನವನು ಲೂಲ್‌ಕಂದೂರ ಎಸ್ಟೇಟಿನಲ್ಲಿ ಮ್ಯಾನೇಜರು. ಅವನು 19 ಎಕರೆ ಟೀ ಇಟ್ಟಿದ್ದು 1867ರಲ್ಲಿ, ಅಂದ್ರೆ ತುಕ್ಕು ಕಾಣೋಕೆ ಎರಡು ವರ್ಷ ಮುಂಚೆ, ಕಾಫಿ ಚೆನ್ನಾಗಿ ನಡೀತಿದ್ದಾಗಲೇ. ಜಗಲಿ ಮೇಲೆ ಕೈಯಲ್ಲೇ ಎಲೆ ಹೊಸೆದು, ಒಲೆ ಮೇಲೆ ಬಾಡಿಸಿ ಕಲಿತ. ಮೊದಲ ವರ್ಷಗಳ ಅವನ ಟೀ ಅಷ್ಟಕ್ಕಷ್ಟೇ. ಆದರೆ ಕಲಿಯೋ ಖರ್ಚನ್ನು ಪಕ್ಕದ ಕಾಫಿ ಹೊರುತ್ತಿತ್ತು. ಉಳಿದವರಿಗೆ ಟೀ ಬೇಕಾದ ಹೊತ್ತಿಗೆ ನೆಡೋದು, ಚಿವುಟೋದು, ಹದ ಮಾಡೋದು ಗೊತ್ತಿದ್ದ ಒಬ್ಬ ಮನುಷ್ಯ, ನಡೀತಿದ್ದ ಒಂದು ಫ್ಯಾಕ್ಟರಿ ಕಣ್ಣೆದುರು ಇತ್ತು. ಶತಮಾನ ಮುಗಿಯುವಷ್ಟರಲ್ಲಿ ಟೀ ಮೂರು ಲಕ್ಷ ಎಕರೆ ದಾಟಿತ್ತು. ಟೇಲರನಿಗೆ ಇದರಿಂದ ಆಸ್ತಿಯೇನೂ ಆಗಲಿಲ್ಲ. 1892ರಲ್ಲಿ ಅವನನ್ನು ಕೆಲಸ ಬಿಡು ಅಂದರು, ಅವನು ಒಪ್ಪಲಿಲ್ಲ, ಅದೇ ವರ್ಷ ಅದೇ ತೋಟದಲ್ಲಿ ತೀರಿಕೊಂಡ.

(ಸಿಲೋನಿನ ಕಾಫಿ ಸತ್ತಿದ್ದಕ್ಕೇ ಇಂಗ್ಲಿಷರು ಟೀ ಕುಡಿಯೋಕೆ ಕಲಿತರು ಅಂತ ವಾಟ್ಸಾಪಿನಲ್ಲಿ ಒಂದು ಕಥೆ ಓಡಾಡುತ್ತೆ. ಸುಳ್ಳು. ಅವರು ಅದಕ್ಕೂ ನೂರು ವರ್ಷ ಮುಂಚಿನಿಂದ ಚೀನಾದ ಟೀ ಕುಡೀತಾ ಇದ್ದರು.)

ಇನ್ನು ನಮ್ಮ ಕಡೆಗೆ ಬರೋಣ, ಯಾಕಂದ್ರೆ ತುಕ್ಕು ನಮ್ಮಲ್ಲಿಗೂ ಬಂತು, ಹೆಚ್ಚುಕಮ್ಮಿ ಅದೇ ಕಾಲಕ್ಕೆ. ಅದಕ್ಕೂ ಮುಂಚೆ 1860ರ ದಶಕದಲ್ಲಿ ಕಾಂಡಕೊರಕ ಕೊಡಗು, ಮೈಸೂರು ಸೀಮೆಯ ತೋಟಗಳನ್ನು ತಿಂದು ಹಾಕಿತ್ತು. ಬಿಡಿ ಅನ್ನೋ ವೈದ್ಯ ತೋಟ ಸುತ್ತಿ 1869ರಲ್ಲಿ ಕೊಟ್ಟ ವರದಿಯ ಮುಖ್ಯ ಮಾತು, ನೆರಳು ಬಿಡಿ, ಬೋಳು ತೋಟದಲ್ಲೇ ಹುಳ ಜಾಸ್ತಿ ಅಂತ. ನಮ್ಮವರು ಕಾಫಿ ಬಿಡಲಿಲ್ಲ. ಬಿಟ್ಟದ್ದು ತಳಿಯನ್ನು. ಹಳೆಯ ಚಿಕ್ ತಳಿ ಹೋಗಿ ಕೂರ್ಗ್ ಬಂತು, ಅದು ತುಕ್ಕಿಗೆ ಸೋತು ಕೆಂಟ್ಸ್ ಬಂತು, ಕೆಂಟ್ಸನ್ನೂ ಒಡೆಯುವ ತುಕ್ಕು ಹುಟ್ಟಿಕೊಂಡಿತು. ತಗ್ಗಿನ ತೋಟಗಳು ರೊಬಸ್ಟಾಗೆ ಹೋದವು. ನಮ್ಮಲ್ಲಿ ಒಂದು ಅನುಕೂಲ ಇತ್ತು: ಮಳೆ ನಿಂತ ಮೇಲೆ ಮೂರು ನಾಲ್ಕು ತಿಂಗಳು ಎಲೆ ಒಣಗಿರುತ್ತೆ, ತುಕ್ಕಿಗೆ ಬೇಕಾದ ನೀರಹನಿ ಸಿಗಲ್ಲ. ಸಿಲೋನಿನ ಗುಡ್ಡಗಳಿಗೆ ಎರಡೂ ಮುಂಗಾರು, ಹಿಂಗಾರು ಬಡೀತಿತ್ತು. ಅಲ್ಲಿ ಹಟ ಹಿಡಿದದ್ದು ತಪ್ಪು, ಇಲ್ಲಿ ಹಟ ಹಿಡಿದದ್ದು ಸರಿ. ಬೆಳೆ ಒಂದೇ, ರೋಗ ಒಂದೇ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಆಯಿತು. ಅಲ್ಲಿಂದ 40ರ ದಶಕದಲ್ಲಿ ಹೊರಬಂದ ಎಸ್.795 ಇವತ್ತಿಗೂ ನಮ್ಮ ಸುತ್ತಲಿನ ಅರೇಬಿಕಾ ತೋಟಗಳಲ್ಲಿ ನಿಂತಿದೆ. ಅದರ ಒಂದು ಕಡೆಯ ಹೆತ್ತವರು ಕೆಂಟ್ಸ್. ಇನ್ನೊಂದು ಕಡೆಯ ಅಜ್ಜಿ ಚಿಕ್ಕಮಗಳೂರು ಸೀಮೆಯ ತೋಟವೊಂದರಲ್ಲಿ ತಾನಾಗಿ ಹುಟ್ಟಿದ್ದ ಅರೇಬಿಕಾ, ಲೈಬೀರಿಕಾ ಮಿಶ್ರ ಗಿಡ. ಸಿಲೋನಿನವರು ಉಪಯೋಗ ಇಲ್ಲ ಅಂತ ಕೈಬಿಟ್ಟ ಅದೇ ಲೈಬೀರಿಕಾ. ಬೆಳೆಯಾಗಿ ಸೋತದ್ದು ರಕ್ತವಾಗಿ ಉಳಿಯಿತು. ಆ ಮಿಶ್ರ ಗಿಡವನ್ನು ಯಾರಾದರೂ ಬೆರಕೆ ಅಂತ ಕಿತ್ತು ಎಸೆದಿದ್ದರೆ ಈ ತಳಿಯೇ ಇರ್ತಿರಲಿಲ್ಲ.

ಹಳದಿ ಎಲೆ ರೋಗಕ್ಕೆ ಔಷಧಿ ಇವತ್ತಿಗೂ ಇಲ್ಲ. ಆದರೆ ರೋಗ ಜೋರಾಗಿರುವ ತೋಟಗಳ ನಡುವೆಯೇ ಹಸಿರಾಗಿ ಉಳಿದ ಮರಗಳನ್ನು ಹುಡುಕಿ ತಳಿ ಮಾಡುವ ಕೆಲಸವನ್ನು ಸಂಶೋಧನೆಯವರು ಮಾಡ್ತಾ ಇದ್ದಾರೆ. ಹಾಗಾಗಿ ಈ ಬೇಸಿಗೆ ತೋಟ ಪೂರ್ತಿ ತೆಗೆಸಿ ಬೇರೆ ಬೆಳೆಗೆ ಹೋಗೋರು, ಕಡಿಯೋರನ್ನು ಕರೆಯೋಕೆ ಮುಂಚೆ ಒಂದು ಸಲ ಸುತ್ತು ಹಾಕಿ. ಸುತ್ತ ಎಲ್ಲ ಹಳದಿಯಾಗಿ, ನಡುವೆ ವರ್ಷಗಟ್ಟಲೆ ಹಸಿರಾಗೇ ನಿಂತ ಮರ ಒಂದಿದ್ದರೂ ಸುಣ್ಣದ ಗುರುತು ಹಾಕಿ ಬಿಡಿ.