ಹತ್ತು ಮಿಲಿಮೀಟರಿನ ಕೀಲಿಮಣೆ: ವ್ಯವಹಾರ ಫೋನುಗಳ ಬೆಳವಣಿಗೆ

ಅಕ್ಷರಕ್ಕೊಂದು ಕೀಲಿಯಿರುವ, ಕ್ವರ್ಟಿ ಎಂಬ ಹೆಸರಿನ ಪೂರ್ಣ ಕೀಲಿಮಣೆಯನ್ನು ಮೊಬೈಲ್ ಫೋನಿನಲ್ಲಿ ಅಡಕಗೊಳಿಸುವ ಪ್ರಯತ್ನಗಳ ಇತಿಹಾಸವು ಬಹುಮಟ್ಟಿಗೆ ಜಾಗದ ಹಂಚಿಕೆಯ ಇತಿಹಾಸವೇ ಆಗಿದೆ. 1996ರಲ್ಲಿ ಬಂದ ನೋಕಿಯಾ 9000 ಕಮ್ಯುನಿಕೇಟರ್, ಪೆಟ್ಟಿಗೆಯಂತೆ ತೆರೆದುಕೊಳ್ಳುವ ರಚನೆಯ ಮೂಲಕ ಪರದೆಗೂ ಕೀಲಿಮಣೆಗೂ ಬೇರೆ ಬೇರೆ ಮುಖಗಳನ್ನು ಒದಗಿಸಿತಾದರೂ, ಸುಮಾರು 400 ಗ್ರಾಂ ತೂಗುತ್ತಿದ್ದ ಅದು ಅಂಗಿಯ ಜೇಬಿಗೆ ಒಗ್ಗುವ ಸಾಧನವಾಗಿರಲಿಲ್ಲ.

ಕೆನಡಾದ ರಿಸರ್ಚ್ ಇನ್ ಮೋಷನ್ ಸಂಸ್ಥೆ ಹಿಡಿದದ್ದು ಬೇರೆಯೇ ದಾರಿ. ಪೇಜರ್ ತಯಾರಿಕೆಯಿಂದ ಬಂದ ಈ ಸಂಸ್ಥೆಯು ಹತ್ತು ಬೆರಳುಗಳ ಟೈಪಿಂಗನ್ನು ಕೈಬಿಟ್ಟು, ಎರಡು ಹೆಬ್ಬೆರಳುಗಳಿಗೆ ಸಾಕಾಗುವಷ್ಟು ಕಿರಿದಾದ ಕೀಲಿಗಳನ್ನು ರೂಪಿಸಿ, 1999ರಲ್ಲಿ ಬ್ಲ್ಯಾಕ್‌ಬೆರಿ 850 ಅನ್ನು ಹೊರತಂದಿತು. ಬಳಕೆದಾರರು ಕೇಳುವವರೆಗೆ ಕಾಯದೆ ಸರ್ವರೇ ಹೊಸ ಪತ್ರವನ್ನು ಸಾಧನಕ್ಕೆ ತಲುಪಿಸುವ ಪುಶ್ ಮೇಲ್ ವ್ಯವಸ್ಥೆಯು ಅದರ ನಿಜವಾದ ಬಲವಾಗಿತ್ತು. 2002ರ ಬ್ಲ್ಯಾಕ್‌ಬೆರಿ 5810 ಕರೆಯನ್ನೂ ಮಾಡಬಲ್ಲದಾಗಿತ್ತಾದರೂ ಇಯರ್‌ಫೋನ್ ಸಿಕ್ಕಿಸದೆ ಮಾತನಾಡುವಂತಿರಲಿಲ್ಲ. ಅದರ ತಯಾರಕರಿಗೆ ಮಾತಿಗಿಂತ ಬರಹವೇ ಮುಖ್ಯವಾಗಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಮರುವರ್ಷ ಬಂದ ಟ್ರಿಯೋ 600, ಕೀಲಿಮಣೆಯೊಂದಿಗೆ ಸ್ಪರ್ಶ ಪರದೆ ಮತ್ತು ಕ್ಯಾಮೆರಾಗಳನ್ನೂ ಜೋಡಿಸಿತು.

ತೆಳುತನದ ಪೈಪೋಟಿ ತೀವ್ರಗೊಂಡದ್ದು 2006ರ ಸುಮಾರಿಗೆ. ಮೊಟೊರೊಲಾ ಕ್ಯೂ 11.5 ಮಿ.ಮೀ. ದಪ್ಪಕ್ಕೆ ಇಳಿದಾಗ, ನೋಕಿಯಾದ ಇ61 ಇನ್ನೂ 14 ಮಿ.ಮೀ. ದಪ್ಪವಾಗಿದ್ದು, ಸುಮಾರು 70 ಮಿ.ಮೀ. ಅಗಲದಿಂದಾಗಿ ಒಂದೇ ಕೈಯಲ್ಲಿ ಹಿಡಿಯುವುದೂ ಕಷ್ಟವಾಗಿತ್ತು. 2008ರ ಜೂನ್‌ನಲ್ಲಿ ಪ್ರಕಟವಾದ ಇ71 ಈ ಅಳತೆಗಳನ್ನು 10 ಮತ್ತು 57 ಮಿ.ಮೀ.ಗಳಿಗೆ ತಂದಿತು. ಬ್ಯಾಟರಿಯ ಸಾಮರ್ಥ್ಯವನ್ನು 1500 ಎಂಎಎಚ್‌ನಲ್ಲಿಯೇ ಉಳಿಸಿಕೊಂಡು ಜಿಪಿಎಸ್ ಹಾಗೂ 3.2 ಮೆಗಾಪಿಕ್ಸೆಲ್ ಕ್ಯಾಮೆರಾಗಳನ್ನು ಸೇರಿಸಲಾಯಿತಾದರೂ, ಪರದೆ ಮಾತ್ರ 2.8 ಇಂಚಿನಿಂದ 2.36 ಇಂಚಿಗೆ ಕುಗ್ಗಿತು. ಪರದೆಯ ಚುಕ್ಕಿಗಳ ಸಂಖ್ಯೆ ಎರಡರಲ್ಲಿಯೂ 320x240 ಆಗಿದ್ದರಿಂದ ಅಕ್ಷರಗಳು ಸಣ್ಣವಾದವೇ ಹೊರತು ಕಾಣುವ ವಿಷಯ ಕಡಿಮೆಯಾಗಲಿಲ್ಲ. ಇಕ್ಕಟ್ಟಾದ ಕೀಲಿಗಳ ನಡುಭಾಗವನ್ನು ಉಬ್ಬಿಸಿದ್ದರಿಂದ ಹೆಬ್ಬೆರಳು ಪಕ್ಕದ ಕೀಲಿಗೆ ಜಾರುವುದು ತಪ್ಪುತ್ತಿತ್ತು. ಪರದೆಯ ಕೆಳಗಿದ್ದ ನಾಲ್ಕು ನೇರ ಕೀಲಿಗಳಲ್ಲಿ ಕ್ಯಾಲೆಂಡರಿನದನ್ನು ಒಮ್ಮೆ ಒತ್ತಿದರೆ ದಿನಚರಿ ತೆರೆಯುತ್ತಿತ್ತು, ಒತ್ತಿ ಹಿಡಿದರೆ ಹೊಸ ಸಭೆಯನ್ನು ನಮೂದಿಸುವ ಪುಟ ಬರುತ್ತಿತ್ತು. ಕಚೇರಿಗೂ ಮನೆಗೂ ಪ್ರತ್ಯೇಕ ಮುಖಪುಟಗಳನ್ನು ಇಟ್ಟುಕೊಳ್ಳುವ ಅನುಕೂಲವೂ ಇತ್ತು. ಆದರೆ ಸಿಂಬಿಯನ್ ಎಸ್60 ತಂತ್ರಾಂಶದ ಮೆನುವಿನೊಳಗೆ ಮೆನು ಎಂಬ ಕ್ರಮವು ಈ ಅಚ್ಚುಕಟ್ಟಾದ ಉಕ್ಕಿನ ಕವಚಕ್ಕೆ ತಕ್ಕುದಾಗಿರಲಿಲ್ಲ.

ಜಾಗದ ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂದ ಹೊತ್ತಿಗೆ ಪ್ರಶ್ನೆಯೇ ಬದಲಾಗಿತ್ತು. ಸ್ಟೀವ್ ಜಾಬ್ಸ್ 2007ರ ಜನವರಿಯಲ್ಲಿ ಐಫೋನನ್ನು ಪರಿಚಯಿಸುವಾಗ, ಬೇಕಿರಲಿ ಬೇಡದಿರಲಿ ಕೀಲಿಗಳು ಫೋನಿನ ಮುಖದ ಕೆಳಭಾಗವನ್ನು ಆಕ್ರಮಿಸಿಕೊಂಡೇ ಇರುತ್ತವೆ ಎಂದು ಆಕ್ಷೇಪಿಸಿದ್ದರು. ಇ71 ಪ್ರಕಟವಾದ ತಿಂಗಳ ಆಸುಪಾಸಿನಲ್ಲಿ ಆಪ್ ಸ್ಟೋರ್ ತೆರೆದು, ಕಚೇರಿಗಳ ಎಕ್ಸ್‌ಚೇಂಜ್ ಮೇಲ್ ಕೂಡ ಐಫೋನಿಗೆ ಬಂದ ಮೇಲೆ ಆ ಆಕ್ಷೇಪಕ್ಕೆ ಉತ್ತರ ಕೊಡುವುದು ಕಷ್ಟವಾಯಿತು. ಕನ್ನಡದ ದೃಷ್ಟಿಯಿಂದಲೂ ಅದರಲ್ಲಿ ಹುರುಳಿತ್ತು. ರೋಮನ್ ಅಕ್ಷರಗಳನ್ನು ಅಚ್ಚೊತ್ತಿದ್ದ ಕೀಲಿಗಳಲ್ಲಿ ಕಾಗುಣಿತ, ಒತ್ತಕ್ಷರಗಳಿಗೆ ಎಡೆಯಿರಲಿಲ್ಲ. ಆ ಕಾಲದ ಅನೇಕ ಫೋನುಗಳಲ್ಲಿ ಕನ್ನಡದ ಜಾಲಪುಟಗಳನ್ನು ಓದಬೇಕಾದರೂ ಲಿಪಿಯನ್ನು ಚಿತ್ರವಾಗಿಸಿ ಕಳಿಸುವ ಒಪೆರಾ ಮಿನಿಯ ಆಯ್ಕೆಯನ್ನೇ ನೆಚ್ಚಬೇಕಿತ್ತು. ಪರದೆಯ ಮೇಲಿನ ಕೀಲಿಮಣೆಯಾದರೋ ಭಾಷೆಗೆ ತಕ್ಕಂತೆ ಬದಲಾಗಬಲ್ಲದು.

ನಂತರದ ಇ72, ಸ್ಪರ್ಶ ಪರದೆಯನ್ನೂ ಹೊಂದಿದ್ದ 2011ರ ಇ6, ಆಂಡ್ರಾಯ್ಡ್‌ಗೆ ಒಲಿದ ಬ್ಲ್ಯಾಕ್‌ಬೆರಿಯ ಪ್ರಿವ್ ಇವೆಲ್ಲವೂ ರಾಜಿ ಸೂತ್ರಗಳೇ. ಟಿಸಿಎಲ್ ತಯಾರಿಸಿದ 2018ರ ಬ್ಲ್ಯಾಕ್‌ಬೆರಿ ಕೀ2 ದಪ್ಪವನ್ನು 8.5 ಮಿ.ಮೀ.ಗೆ ಇಳಿಸಿದರೂ ಮಾರುಕಟ್ಟೆ ಹಿಗ್ಗಲಿಲ್ಲ. ಹಳೆಯ ಬ್ಲ್ಯಾಕ್‌ಬೆರಿ ತಂತ್ರಾಂಶದ ಸೇವೆಗಳು 2022ರ ಜನವರಿ 4ರಂದು ನಿಂತವು. 2024ರಲ್ಲಿ ಬಂದ ಕ್ಲಿಕ್ಸ್ ಎಂಬ ಕವಚವು ಐಫೋನಿನ ಬುಡಕ್ಕೇ ಕೀಲಿಮಣೆಯನ್ನು ಜೋಡಿಸುತ್ತದೆ. ಪರದೆ ಪೂರ್ತಿ ಉಳಿಯುತ್ತದೆ, ಫೋನಿನ ಉದ್ದ ಮಾತ್ರ ಬೆಳೆಯುತ್ತದೆ.