ತಂತಿಯಲ್ಲಿ ಹೋದ ಸಾಫ್ಟ್‌ವೇರ್‌ಗೆ ಸೀಲ್ ಹೊಡೆಯೋದು ಎಲ್ಲಿ?

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡೋರು ಫೇಸ್ ಒನ್‌ನಲ್ಲಿ ಎಸ್‌ಟಿಪಿಐ ಅನ್ನೋ ಬೋರ್ಡ್ ನೋಡಿರ್ತೀರಿ. ನಾನೂ ಐದಾರು ವರ್ಷ ಕ್ಯಾಬ್ ಕಿಟಕಿಯಿಂದ ನೋಡಿ, ಯಾವುದೋ ಸರ್ಕಾರಿ ಆಫೀಸು ಅಂದ್ಕೊಂಡು ಸುಮ್ಮನಿದ್ದೆ. ಹಿಂದೊಮ್ಮೆ ಇಲ್ಲೇ ಮಾತಾಡ್ತಾ "ಸರ್ಕಾರ ನಿದ್ದೆ ಮಾಡ್ತಿದ್ದಾಗ ನಮ್ಮ ಐಟಿ ಬೆಳೀತು" ಅಂದಿದ್ದೆ. ಇವತ್ತು ಆ ಮಾತನ್ನ ವಾಪಸ್ ತಗೊಳ್ತೀನಿ.

ಮೊದಲು ಸರ್ಕಾರ ನಿದ್ದೆ ಮಾಡ್ತಿರಲಿಲ್ಲ, ಎದ್ದು ಕೂತು ಬಾಗಿಲು ಕಾಯ್ತಿತ್ತು. 1981ರಲ್ಲಿ ಇದೇ ಪುಣೆಯಲ್ಲಿ ಏಳು ಜನ ಇನ್ಫೋಸಿಸ್ ಶುರು ಮಾಡಿದಾಗ ಕೈಲಿದ್ದದ್ದು 10,000 ರೂಪಾಯಿ. ಕಂಪ್ಯೂಟರ್ ಇಲ್ಲ. ತರಿಸೋಕೆ ಲೈಸೆನ್ಸ್ ಬೇಕು, ಲೈಸೆನ್ಸ್‌ಗೆ ದೆಹಲಿಗೆ ಅಲೀಬೇಕು. ಆ ಅಲೆದಾಟದ ಕಥೆಯನ್ನ ನಾರಾಯಣ ಮೂರ್ತಿ ಎಷ್ಟೋ ಸಲ ಹೇಳಿದ್ದಾರೆ. ವಿದೇಶದಲ್ಲಿ ಆಫೀಸ್ ತೆರೆಯೋಕೂ ರಿಸರ್ವ್ ಬ್ಯಾಂಕಿನ ಅಪ್ಪಣೆ. ಮೆಷಿನ್ ಇಲ್ಲಿಗೆ ಬರಲ್ಲ ಅಂದಮೇಲೆ ಹುಡುಗರೇ ಮೆಷಿನ್ ಇದ್ದಲ್ಲಿಗೆ, ಅಮೆರಿಕಕ್ಕೆ ಹೋದರು. ಇವತ್ತು ನಾವು ಆನ್‌ಸೈಟ್‌ಗೆ ಹಾತೊರೀತೀವಲ್ಲ, ಅವತ್ತು ಅದು ಗತ್ಯಂತರ ಇಲ್ಲದ ದಾರಿ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಸ್ಯಾಟಲೈಟ್ ಡಿಶ್ ಇಟ್ಟುಕೊಂಡು, ಜನರನ್ನ ಕಳಿಸದೆ ಕೆಲಸವನ್ನೇ ಕಳಿಸಬಹುದು ಅಂತ ತೋರಿಸ್ತು. ಆದರೆ ಅದು ಆನೆ. ಹತ್ತು ಜನರ ಕಂಪನಿ ಡಿಶ್ ಎಲ್ಲಿಂದ ತರಬೇಕು?

ಈ ಗಂಟು ಬಿಚ್ಚಿದವರಲ್ಲಿ ಎನ್. ವಿಠ್ಠಲ್ ಮುಖ್ಯರು. ಮುಂದೆ ಕೇಂದ್ರ ಜಾಗೃತ ಆಯುಕ್ತರಾದರಲ್ಲ, ಅವರೇ. ಆಗ ಎಲೆಕ್ಟ್ರಾನಿಕ್ಸ್ ಇಲಾಖೆಯ ಕಾರ್ಯದರ್ಶಿ. ಬೆಂಗಳೂರು, ಪುಣೆ, ಭುವನೇಶ್ವರದ ಸಾಫ್ಟ್‌ವೇರ್ ಪಾರ್ಕ್‌ಗಳನ್ನ ಸೇರಿಸಿ 1991ರ ಜೂನ್‌ನಲ್ಲಿ ಎಸ್‌ಟಿಪಿಐ ಮಾಡಿದರು. ಮುಂದಿನ ತಿಂಗಳೇ ದೇಶ ಸುಮಾರು 47 ಟನ್ ಚಿನ್ನವನ್ನ ವಿದೇಶದಲ್ಲಿ ಅಡವಿಟ್ಟಿತು. ಡಾಲರ್‌ಗೆ ಅಷ್ಟು ಬರ.

ಎಸ್‌ಟಿಪಿಐ ಮಾಡಿದ್ದು ಸರಳ. ಡಿಶ್ ತಾನೇ ಹಾಕ್ತು, ಲೈನನ್ನ ಸಣ್ಣ ಕಂಪನಿಗಳಿಗೂ ಬಾಡಿಗೆಗೆ ಕೊಡ್ತು. ಬೆಂಗಳೂರಲ್ಲಂತೂ ಎಲೆಕ್ಟ್ರಾನಿಕ್ಸ್ ಸಿಟಿಯಿಂದ ಕಂಪನಿಗಳ ತಾರಸಿಗೆ ಮೈಕ್ರೋವೇವ್ ರೇಡಿಯೋ, ಕೇಬಲ್‌ಗೆ ರಸ್ತೆ ಅಗೆಯೋ ರಗಳೆಯೇ ಇಲ್ಲ. ಕಂಪ್ಯೂಟರ್‌ಗೆ ಸುಂಕ ಮಾಫಿ, ರಫ್ತಿನ ಲಾಭಕ್ಕೆ ತೆರಿಗೆ ವಿನಾಯಿತಿ, ಕಾಗದಪತ್ರಕ್ಕೆ ಒಂದೇ ಕಿಟಕಿ.

ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಒಂದು ಫಾರ್ಮ್. ಮೊದಲೆಲ್ಲ ಸಾಫ್ಟ್‌ವೇರ್ ಟೇಪ್‌ನಲ್ಲಿ ಹೋಗ್ತಿತ್ತು, ಡಬ್ಬಿ ಮೇಲೆ ಕಸ್ಟಮ್ಸ್‌ನವರು ಸೀಲ್ ಹೊಡೀತಿದ್ರು. ಸ್ಯಾಟಲೈಟ್‌ನಲ್ಲಿ ಹೋದ ಕೋಡ್‌ಗೆ ಡಬ್ಬಿ ಎಲ್ಲಿದೆ? ಸಾಮಾನು ಹೋಗಿದ್ದಕ್ಕೆ ಸಾಕ್ಷಿ ಇಲ್ಲದೆ ಬಂದ ಡಾಲರ್ ಯಾವುದರದ್ದು? ಅದಕ್ಕೆ ಸಾಫ್ಟೆಕ್ಸ್ ಅಂತ ಫಾರ್ಮ್ ಬಂತು. ಕಣ್ಣಿಗೆ ಕಾಣದ ಸರಕಿಗೆ ಇಷ್ಟು ಬೆಲೆ ಅಂತ ಎಸ್‌ಟಿಪಿಐ ಅಧಿಕಾರಿ ಸಹಿ ಹಾಕೋದು, ಬ್ಯಾಂಕ್ ಅದನ್ನ ಒಪ್ಪೋದು.

ಒಂದು ತಕರಾರು ನನಗಿದೆ. ಸವಲತ್ತೆಲ್ಲ ರಫ್ತಿಗೇ ಕೊಟ್ಟದ್ದರಿಂದ ನಮ್ಮೂರ ಅಂಗಡಿ, ಆಸ್ಪತ್ರೆಗೆ ಬೇಕಾದ ಸಾಫ್ಟ್‌ವೇರ್ ಬರೆಯೋದು ಲಾಭದ ಕೆಲಸ ಆಗಲೇ ಇಲ್ಲ. ಜಾಣ ಹುಡುಗರೆಲ್ಲ ಹೊರಗಿನವರ ಬಿಲ್ಲಿಂಗ್ ಬರೆದರು, ನಾನೂ ಸೇರಿ.

ಕಳೆದ ವರ್ಷ ಬಾಣೇರ್‌ನಲ್ಲಿ ಸಣ್ಣ ಕಂಪನಿ ಮಾಡಿರೋ ಧಾರವಾಡದ ಗೆಳೆಯ ಜರ್ಮನಿಗೆ ಮೊದಲ ಇನ್‌ವಾಯ್ಸ್ ಕಳಿಸಿದ. ಆಡಿಟರ್ ಸಾಫ್ಟೆಕ್ಸ್ ಕೇಳಿದರಂತೆ. "ಏನೋ ಮಾರಾಯಾ ಇದು, ಯಾರ್ ಸಹಿ ಹಾಕ್ತಾರ?" ಅಂತ ರಾತ್ರಿ ಹತ್ತಕ್ಕೆ ಫೋನ್. ದಿನಾ ನಿನ್ನ ಕ್ಯಾಬ್ ಆ ಬೋರ್ಡ್ ಮುಂದೇ ಹೋಗುತ್ತಲ್ಲೋ ಅಂದೆ.